ಸ್ಟ್ರ್ಯಾಟ್ ಮಾದರಿಯ ಗಿಟಾರಿಗೆ ಹಂಬಕರ್ ಪಿಕಪ್ ಕೂರಿಸುವುದು: ವೈರಿನ ಬಣ್ಣ, ಪಾಟ್ ಮತ್ತು ಹಮ್ ಸದ್ದಿನ ಪ್ರಶ್ನೆ

ಮಲೆನಾಡ ಮೀಟು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ಟ್ರ್ಯಾಟೊಕಾಸ್ಟರ್ ವಿನ್ಯಾಸವನ್ನು ಅನುಸರಿಸಿ ತಯಾರಿಸಿದ, ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳುಳ್ಳ (ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ, ಕಾಯಿಲ್ ಎಂದರೆ ಅದರೊಳಗಿನ ತಾಮ್ರದ ಸುರುಳಿ) ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರೊಂದು ನನ್ನಲ್ಲಿದೆ. ಶಿವಮೊಗ್ಗದ ಸುತ್ತಲಿನ ಊರುಗಳಲ್ಲಿ ಗಣೇಶೋತ್ಸವ, ರಾಜ್ಯೋತ್ಸವಗಳ ಹೊತ್ತಿಗೆ ನಡೆಯುವ ಆರ್ಕೆಸ್ಟ್ರಾ ಕಾರ್ಯಕ್ರಮಗಳಲ್ಲಿ ಇದನ್ನೇ ನುಡಿಸುತ್ತೇನೆ. ನೆಕ್ (ಗಿಟಾರಿನ ಕತ್ತು) ಕಡೆಯ ಪಿಕಪ್ಪಿನ ನಾದದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬ್ರಿಜ್ (ತಂತಿಗಳು ಮೈಗೆ ಕಟ್ಟಿಕೊಳ್ಳುವ ಜಾಗ) ಕಡೆಯ ಪಿಕಪ್ಪಿಗೆ ಸ್ವಿಚ್ ತಿರುಗಿಸಿದ ಕೂಡಲೇ ಸದ್ದು ತೆಳುವಾಗಿ ಕಿವಿಗೆ ಚುಚ್ಚತೊಡಗುತ್ತದೆ. ಡಿಸ್ಟಾರ್ಷನ್ ಪೆಡಲ್ ಒತ್ತಿದರಂತೂ ಹಾಡಿನ ಬಿಡುವುಗಳಲ್ಲೆಲ್ಲ ಗುಂಯ್ ಎಂಬ ಹಮ್ ಸದ್ದೇ ಮುಂದೆ ನಿಲ್ಲುತ್ತದೆ.

ಅಮೆರಿಕದಲ್ಲಿರುವ ನಮ್ಮ ಭಾವ ಈ ಸಲ ಊರಿಗೆ ಬಂದಾಗ ಡಿಮಾರ್ಜಿಯೋ ಕಂಪನಿಯ ಪಿಕಪ್ ಒಂದನ್ನು ತಂದುಕೊಟ್ಟಿದ್ದಾರೆ. ಅದು ಸಿಂಗಲ್ ಕಾಯಿಲ್ ಪಿಕಪ್ಪಿನ ಅಳತೆಯಲ್ಲೇ ಇದ್ದರೂ ಒಳಗೆ ಎರಡು ಕಾಯಿಲ್‌ಗಳಿರುವ ಹಂಬಕರ್ ಎಂದು ಅವರು ಹೇಳಿದರು. ಮೇಲ್ಭಾಗದಲ್ಲಿ ಆರು ಗುಂಡು ತುದಿಗಳ ಬದಲು ಎರಡು ಉದ್ದನೆಯ ಉಕ್ಕಿನ ಪಟ್ಟಿಗಳಿವೆ. ಬಳಸಿದ ಪಿಕಪ್ ಆದ್ದರಿಂದ ಅದರ ಜೊತೆಗೆ ಯಾವ ಚೀಟಿಯೂ ಬಂದಿಲ್ಲ. ಹಳೆಯ ಪಿಕಪ್ಪಿನಲ್ಲಿ ಎರಡೇ ವೈರುಗಳಿದ್ದರೆ, ಇದರಲ್ಲಿ ಕೆಂಪು, ಕಪ್ಪು, ಬಿಳಿ, ಹಸಿರು ಎಂದು ನಾಲ್ಕು ವೈರುಗಳೂ, ಹೊದಿಕೆಯಿಲ್ಲದ ಒಂದು ಬರಿ ವೈರೂ ಇವೆ.

ನಾನು ತಿಳಿಯಬೇಕಾದದ್ದು ಇಷ್ಟು. ಈ ಐದು ವೈರುಗಳಲ್ಲಿ ಯಾವುದನ್ನು ಎಲ್ಲಿಗೆ ಬೆಸೆಯಬೇಕು? ಗಿಟಾರಿನಲ್ಲಿ ಈಗಿರುವ 250 ಕಿಲೋಓಮ್ ಪಾಟ್‌ಗಳನ್ನು (ವಾಲ್ಯೂಮ್, ಟೋನ್ ಹೊಂದಿಸುವ ತಿರುಗುವ ರೋಧಕಗಳನ್ನು) ತೆಗೆದು 500ರದ್ದನ್ನು ಹಾಕಲೇಬೇಕೆಂದು ಹಲವರು ಹೇಳುತ್ತಾರೆ, ಅದು ನಿಜವೇ? ಮರವನ್ನು ಕೊರೆಯುವ ಅಗತ್ಯ ಬರಬಹುದೇ? ಮನೆಯಲ್ಲಿ 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿ ಇದೆ. ರೇಡಿಯೊ, ಚಾರ್ಜರುಗಳನ್ನು ಬೆಸೆದ ಅಭ್ಯಾಸವಿದೆ. ಅದರಲ್ಲಿ ಈ ಕೆಲಸ ಆಗುತ್ತದೆಯೇ? ಕೊನೆಯದಾಗಿ, ಇಷ್ಟೆಲ್ಲ ಮಾಡಿದ ಮೇಲೆ ವೇದಿಕೆಯ ಹಮ್ ನಿಲ್ಲುತ್ತದೆ ಎಂದು ನಂಬಬಹುದೇ?

ಸಂಜೆ ರಾಗ

ಇದು ಸುಲಭದ ಕೆಲಸ, ಹೆದರಬೇಡಿ. ನಾಲ್ಕು ವೈರಿನ ಹಂಬಕರ್ ಆದರೆ ಕಪ್ಪು ವೈರ್ ಹಾಟ್, ಅಂದರೆ ಸಂಕೇತವನ್ನು ಒಯ್ಯುವ ವೈರ್, ಅದು ಸ್ವಿಚ್ಚಿಗೆ ಹೋಗುತ್ತದೆ. ಕೆಂಪು ಮತ್ತು ಬಿಳಿಯನ್ನು ಒಂದಕ್ಕೊಂದು ಬೆಸೆದು ಟೇಪ್ ಸುತ್ತಿಬಿಡಿ. ಹಸಿರು ಮತ್ತು ಬರಿ ವೈರ್ ಎರಡೂ ವಾಲ್ಯೂಮ್ ಪಾಟಿನ ಬೆನ್ನಿಗೆ, ಅಂದರೆ ಗ್ರೌಂಡಿಗೆ. ನನ್ನ ಗಿಟಾರಿನಲ್ಲಿ ಹೀಗೆಯೇ ಇದೆ, ಚೆನ್ನಾಗಿ ನುಡಿಯುತ್ತಿದೆ. ಪಾಟ್ 500 ಕಿಲೋಓಮ್ ಇದ್ದರೆ ಒಳ್ಳೆಯದು.

ಬೆಸುಗೆ ಕಡ್ಡಿ

ಸಂಜೆ ರಾಗ ಅವರು ಕೊಟ್ಟಿರುವ ಬಣ್ಣಗಳ ಕ್ರಮ ಸೆಮೋರ್ ಡಂಕನ್ ಕಂಪನಿಯದು. ಅವರ ಗಿಟಾರಿನಲ್ಲಿ ಆ ಕಂಪನಿಯ ಪಿಕಪ್ ಇದ್ದಿರಬೇಕು, ಹಾಗಾಗಿ ಅದು ಅಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಡಿಮಾರ್ಜಿಯೋ ಪಿಕಪ್ಪಿನಲ್ಲಿ ಕೆಂಪು ವೈರ್ ಹಾಟ್, ಕಪ್ಪು ಮತ್ತು ಬಿಳಿ ಒಂದಕ್ಕೊಂದು ಸೇರಬೇಕಾದವು, ಹಸಿರು ಮತ್ತು ಬರಿ ವೈರ್ ಗ್ರೌಂಡ್. ಬಣ್ಣಗಳ ವಿಷಯದಲ್ಲಿ ಪಿಕಪ್ ತಯಾರಕರು ಯಾವ ಒಪ್ಪಂದಕ್ಕೂ ಬಂದಿಲ್ಲ. ಒಬ್ಬರ ಹಾಟ್ ಇನ್ನೊಬ್ಬರ ನಡುವಿನ ಕೊಂಡಿ. ಆದ್ದರಿಂದ ಕಂಪನಿ ಯಾವುದೆಂದು ಗೊತ್ತಿಲ್ಲದೆ ಬಣ್ಣವನ್ನು ನಂಬಿ ಬೆಸೆಯುವುದು ಸರಿಯಲ್ಲ.

ತಪ್ಪು ಕ್ರಮದಲ್ಲಿ ಬೆಸೆದರೆ ಸದ್ದೇ ಬರದಿದ್ದರೆ ಚೆನ್ನಾಗಿತ್ತು, ಆಗ ತಕ್ಷಣ ಗೊತ್ತಾಗುತ್ತಿತ್ತು. ಇಲ್ಲಿ ಆಗುವುದು ಬೇರೆ. ಡಿಮಾರ್ಜಿಯೋದಲ್ಲಿ ಕೆಂಪು–ಕಪ್ಪು ಒಂದು ಕಾಯಿಲಿನ ಎರಡು ತುದಿಗಳು, ಹಸಿರು–ಬಿಳಿ ಇನ್ನೊಂದರ ತುದಿಗಳು. ಇದಕ್ಕೆ ಡಂಕನ್ ಕ್ರಮವನ್ನು ಹಚ್ಚಿದರೆ ಒಂದು ಕಾಯಿಲ್ ತಲೆಕೆಳಗಾಗಿ ಸೇರಿಕೊಳ್ಳುತ್ತದೆ. ಹಂಬಕರಿನ ಒಳಗೆ ಎರಡು ಕಾಯಿಲ್‌ಗಳ ಅಯಸ್ಕಾಂತದ ಧ್ರುವಗಳು ವಿರುದ್ಧವಾಗಿರುತ್ತವೆ, ಕಾಯಿಲ್‌ಗಳ ಜೋಡಣೆಯೂ ವಿರುದ್ಧವಾಗಿರುತ್ತದೆ. ತಂತಿಯ ಕಂಪನದಿಂದ ಹುಟ್ಟಿದ ಸಂಕೇತಕ್ಕೆ ಈ ಎರಡೂ ವೈರುಧ್ಯಗಳು ಅನ್ವಯಿಸುವುದರಿಂದ ಅದು ಕೂಡಿಕೊಳ್ಳುತ್ತದೆ; ಹೊರಗಿನ ವಿದ್ಯುತ್ ವೈರುಗಳಿಂದ, ಟ್ರಾನ್ಸ್‌ಫಾರ್ಮರುಗಳಿಂದ ಬರುವ 50 ಹರ್ಟ್ಸಿನ ಹಮ್ಮಿಗೆ ಅಯಸ್ಕಾಂತದ ಹಂಗಿಲ್ಲದ್ದರಿಂದ ಒಂದೇ ವೈರುಧ್ಯ ಅನ್ವಯಿಸಿ ಅದು ಕಳೆದುಹೋಗುತ್ತದೆ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ ಅವರು 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1957ರಿಂದ ಆ ಕಂಪನಿಯ ಗಿಟಾರುಗಳಲ್ಲಿ ಕಾಣಿಸಿಕೊಂಡ ಹಂಬಕರಿನ ಇಡೀ ಯುಕ್ತಿ ಇದೇ. ಒಂದು ಕಾಯಿಲನ್ನು ತಿರುಗಿಸಿಬಿಟ್ಟರೆ ಲೆಕ್ಕ ಪೂರ್ತಿ ಮಗುಚಿ, ತಂತಿಯ ನಾದ ಕಳೆದುಹೋಗಿ ತೆಳುವಾಗುತ್ತದೆ, ಹಮ್ ಮಾತ್ರ ಕೂಡಿಕೊಂಡು ದಪ್ಪವಾಗುತ್ತದೆ. ಹೀಗೆ ಜೋಡಿಸಿದವರು ಪಿಕಪ್ಪೇ ಕೆಟ್ಟದ್ದೆಂದು ತಿಳಿದು ಮಾರಿಬಿಡುವುದೂ ಉಂಟು.

ನಿಮ್ಮದು ಬಳಸಿದ ಪಿಕಪ್. ಹಿಂದಿನವರು ಅದರ ಕೇಬಲನ್ನೇ ಬದಲಿಸಿರಬಹುದಾದ ಕಾರಣ, ಬೆಸೆಯುವ ಮೊದಲು ಮಲ್ಟಿಮೀಟರಿನಲ್ಲಿ ಅಳೆದು ನೋಡಿ. ಮೀಟರನ್ನು 20 ಕಿಲೋಓಮ್ ಹಂತದಲ್ಲಿಟ್ಟು ಕೆಂಪು–ಕಪ್ಪು ನಡುವೆ, ಆಮೇಲೆ ಹಸಿರು–ಬಿಳಿ ನಡುವೆ ಅಳೆಯಿರಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬಂದು, ಕೆಂಪು–ಹಸಿರು ನಡುವೆ ಏನೂ ಬರದಿದ್ದರೆ ಕಾಯಿಲ್‌ಗಳು ಸರಿಯಿವೆ ಮತ್ತು ಬಣ್ಣಗಳು ಕಂಪನಿಯ ಕ್ರಮದಲ್ಲಿವೆ ಎಂದರ್ಥ. ಡಂಕನ್ ಪಿಕಪ್ ಆಗಿದ್ದರೆ ಇದೇ ಪರೀಕ್ಷೆಯಲ್ಲಿ ಜೋಡಿಗಳು ಕಪ್ಪು–ಬಿಳಿ ಮತ್ತು ಕೆಂಪು–ಹಸಿರು ಎಂದು ಬರುತ್ತಿದ್ದವು. ಬರಿ ವೈರಿಗೂ ಬಣ್ಣದ ಯಾವ ವೈರಿಗೂ ಸಂಪರ್ಕ ಇರಬಾರದು.

ಇನ್ನೊಂದು ಪರೀಕ್ಷೆಯನ್ನೂ ಇದೇ ಹೊತ್ತಿನಲ್ಲಿ ಮುಗಿಸಿಕೊಳ್ಳುವುದು ಒಳ್ಳೆಯದು. ಮೀಟರಿನ ಎರಡು ಕಡ್ಡಿಗಳನ್ನು ಒಂದು ಕಾಯಿಲಿನ ತುದಿಗಳಿಗೆ ಹಿಡಿದು, ಉಕ್ಕಿನ ಸ್ಕ್ರೂಡ್ರೈವರಿನ ತುದಿಯನ್ನು ಆ ಕಾಯಿಲಿನ ಪಟ್ಟಿಗೆ ತಾಗಿಸಿದ ಕ್ಷಣದಲ್ಲಿ ಅಂಕಿ ಒಮ್ಮೆ ಮೇಲಕ್ಕೋ ಕೆಳಕ್ಕೋ ಜಿಗಿಯುತ್ತದೆ. ತೆಗೆದಾಗ ಅದಕ್ಕೆ ವಿರುದ್ಧವಾಗಿ ಜಿಗಿಯುತ್ತದೆ. ತಾಗಿಸಿದಾಗ ಮೇಲಕ್ಕೆ ಜಿಗಿಯುವಂತೆ ಕಡ್ಡಿಗಳನ್ನು ಹಿಡಿದರೆ, ಕೆಂಪು ಕಡ್ಡಿ ಇರುವ ತುದಿಯನ್ನು ಧನ ಎಂದು ಗುರುತು ಹಾಕಿಕೊಳ್ಳಿ. ಒಂದು ಕಾಯಿಲಿನ ಋಣ ತುದಿ ಇನ್ನೊಂದರ ಧನ ತುದಿಗೆ ಸೇರಬೇಕು. ಬಣ್ಣವೇ ಗೊತ್ತಿಲ್ಲದ, ಹೆಸರೇ ಇಲ್ಲದ ಪಿಕಪ್ಪನ್ನೂ ಈ ದಾರಿಯಲ್ಲಿ ಸರಿಯಾಗಿ ಜೋಡಿಸಬಹುದು. ಗಿಟಾರಿನ ಮಧ್ಯದ ಪಿಕಪ್ಪಿನ ಮೇಲೂ ಇದೇ ಪರೀಕ್ಷೆ ಮಾಡಿ ಅದರ ಹಾಟ್ ತುದಿ ಧನವೋ ಋಣವೋ ಎಂದು ಬರೆದಿಟ್ಟುಕೊಂಡರೆ, ಎರಡು ಪಿಕಪ್‌ಗಳು ಒಟ್ಟಿಗೆ ನುಡಿಯುವ ಹಂತದಲ್ಲಿ ಒಂದನ್ನೊಂದು ಕಳೆಯುತ್ತವೆಯೇ ಎಂಬುದು ಮೊದಲೇ ತಿಳಿಯುತ್ತದೆ. ಪಟ್ಟಿಗಳು ಅಯಸ್ಕಾಂತಕ್ಕೆ ಅಂಟಿಕೊಂಡಿರುವುದರಿಂದ ಸ್ಕ್ರೂಡ್ರೈವರನ್ನು ಅವು ಬಲವಾಗಿ ಎಳೆದುಕೊಳ್ಳುತ್ತವೆ. ಅದು ಜಾರಿ ಕಾಯಿಲಿನ ಬದಿಗೆ ಬಡಿಯದಂತೆ ಹಿಡಿದಿರಬೇಕು. ಕಾಯಿಲಿನ ತಾಮ್ರದ ಎಳೆ ಒಂದು ಮಿಲಿಮೀಟರಿನ ಹದಿನೈದನೇ ಒಂದು ಭಾಗದಷ್ಟೂ ದಪ್ಪವಿರುವುದಿಲ್ಲ, ತುಂಡಾದರೆ ಮನೆಯಲ್ಲಿ ಸರಿಪಡಿಸುವಂತಿಲ್ಲ.

ಮರ ಕೊರೆಯುವ ಪ್ರಶ್ನೆಗೆ ಬಂದರೆ, ಸಿಂಗಲ್ ಕಾಯಿಲ್ ಅಳತೆಯ ಹಂಬಕರ್‌ಗಳು ಹುಟ್ಟಿದ್ದೇ ಆ ಕೆಲಸವನ್ನು ತಪ್ಪಿಸಲು. ಪಿಕಪ್‌ಗಳು ಕೂತಿರುವ ಪ್ಲಾಸ್ಟಿಕ್ ಹಲಗೆಯ, ಅಂದರೆ ಪಿಕ್‌ಗಾರ್ಡಿನ, ತೂತಿನ ಅಂಚು ಕೆಲವೊಮ್ಮೆ ಬಿಗಿಯಾಗಿರುತ್ತದೆ, ಸಣ್ಣ ಅರದಿಂದ ಸ್ವಲ್ಪ ಉಜ್ಜಿದರೆ ಸಾಕು. ಕಡಿಮೆ ಬೆಲೆಯ ಗಿಟಾರುಗಳಲ್ಲಿ ನೋಡಬೇಕಾದದ್ದು ಆಳವನ್ನು. ಕೆಲವು ಮರದ ಮೈಗಳು ತೆಳುವಾಗಿದ್ದು ಪಿಕಪ್ ಇಳಿಯುವ ಗುಳಿಯ ಆಳವೂ ಕಡಿಮೆಯಿರುತ್ತದೆ. ಪಿಕಪ್ಪನ್ನು ತಳ್ಳಿದಾಗ ಅದು ಗುಳಿಯ ತಳಕ್ಕೆ ತಾಗಿದರೆ ಎತ್ತರ ಹೊಂದಿಸಲು ಅವಕಾಶವೇ ಉಳಿಯುವುದಿಲ್ಲ. ಹೊಸ ಪಿಕಪ್ಪಿನ ಎತ್ತರವನ್ನೂ ಗುಳಿಯ ಆಳವನ್ನೂ ಸ್ಕೇಲಿನಲ್ಲಿ ಅಳೆದುಕೊಂಡ ಮೇಲೆಯೇ ಹಳೆಯದನ್ನು ಬಿಚ್ಚಿ. ತಂತಿಗಳ ನಡುವಿನ ಅಂತರ ಹೊಂದುತ್ತದೆಯೇ ಎಂಬ ಚಿಂತೆ ಮಾತ್ರ ನಿಮಗಿಲ್ಲ, ಏಕೆಂದರೆ ಉದ್ದನೆಯ ಪಟ್ಟಿಗೆ ತಂತಿ ಎಲ್ಲಿ ಹಾದುಹೋದರೂ ಒಂದೇ.

ಬೆಸುಗೆಯ ವಿಷಯದಲ್ಲಿ, ಸ್ವಿಚ್ಚಿನ ಕಾಲುಗಳಿಗೆ ನಿಮ್ಮ 25 ವ್ಯಾಟಿನ ಕಡ್ಡಿ ಸಾಕು. ಪಾಟಿನ ಬೆನ್ನಿಗೆ ಸಾಲದು. ಆ ಲೋಹದ ತಗಡು ಕಡ್ಡಿಯ ಶಾಖವನ್ನೆಲ್ಲ ಎಳೆದುಕೊಳ್ಳುವುದರಿಂದ ಬಹಳ ಹೊತ್ತು ಒತ್ತಿಹಿಡಿಯಬೇಕಾಗುತ್ತದೆ, ಅಷ್ಟರಲ್ಲಿ ಒಳಗಿನ ಕಾರ್ಬನ್ ಪಟ್ಟಿ ಸುಟ್ಟು ಪಾಟ್ ಕರಕರ ಎನ್ನತೊಡಗುತ್ತದೆ. 40ರಿಂದ 60 ವ್ಯಾಟಿನ, ತುದಿ ಅಗಲವಾದ ಕಡ್ಡಿಯಲ್ಲಿ ಮೂರು ನಾಲ್ಕು ಸೆಕೆಂಡಿನಲ್ಲಿ ಅದೇ ಕೆಲಸ ಆಗುತ್ತದೆ. ಅದು ಸಿಗದಿದ್ದರೆ ಪಾಟಿನ ಬೆನ್ನನ್ನು ಮುಟ್ಟಲೇಬೇಡಿ. ಹಳೆಯ ಪಿಕಪ್ಪಿನ ಗ್ರೌಂಡ್ ವೈರನ್ನು ಎರಡು ಅಂಗುಲ ಉಳಿಸಿ ಕತ್ತರಿಸಿ, ಆ ತುಂಡಿಗೇ ಹಸಿರು ಮತ್ತು ಬರಿ ವೈರುಗಳನ್ನು ಹೊಸೆದು ಬೆಸೆದು, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿ. ನೋಡಲು ಅಷ್ಟು ಅಂದವಾಗಿರುವುದಿಲ್ಲ, ಸದ್ದಿಗೆ ಏನೂ ವ್ಯತ್ಯಾಸವಿಲ್ಲ. ನಡುವೆ ರಾಳವಿರುವ 60/40 ಬೆಸುಗೆ ಸೀಸವನ್ನೇ ಬಳಸಿ. ನಲ್ಲಿ ಕೆಲಸದವರ ಆಮ್ಲದ ಫ್ಲಕ್ಸ್ ಬೇಡವೇ ಬೇಡ, ಅದು ವರ್ಷ ಕಳೆದಂತೆ ತಾಮ್ರವನ್ನು ತಿನ್ನುತ್ತದೆ.

ಪಿಕ್‌ಗಾರ್ಡನ್ನು ಎತ್ತುವಾಗ ಒಂದು ಎಚ್ಚರಿಕೆ. ಅದು ಮೂರು ವೈರುಗಳಿಂದ ಗಿಟಾರಿನ ಮೈಗೆ ಕಟ್ಟಿಕೊಂಡಿರುತ್ತದೆ: ಎರಡು ಜ್ಯಾಕಿಗೆ ಹೋಗುತ್ತವೆ, ಇನ್ನೊಂದು ಹಿಂಬದಿಯ ಟ್ರೆಮೊಲೊ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಲೋಹದ ಕೊಕ್ಕೆಗೆ. ರಭಸದಿಂದ ಎತ್ತಿದರೆ ಮೊದಲು ಕಿತ್ತುಬರುವುದು ಆ ಮೂರನೆಯದೇ. ಅದು ಕಿತ್ತುಹೋದರೆ ತಂತಿಗಳಿಗೆ ಗ್ರೌಂಡ್ ಇಲ್ಲದಾಗಿ, ಹೊಸ ಪಿಕಪ್ ಹಾಕಿಯೂ ಹಮ್ ಮೊದಲಿಗಿಂತ ಹೆಚ್ಚಾಗಿದೆ ಎನಿಸುತ್ತದೆ. ಬಿಚ್ಚುವ ಮೊದಲು ಒಳಗಿನ ಜೋಡಣೆಯ ಫೋಟೊಗಳನ್ನು ತೆಗೆದಿಟ್ಟುಕೊಳ್ಳಿ. ಏಷ್ಯಾದ ಗಿಟಾರುಗಳಲ್ಲಿ ಸಾಮಾನ್ಯವಾದ, ಎಂಟು ಕಾಲುಗಳು ಒಂದೇ ಸಾಲಿನಲ್ಲಿರುವ ಪೆಟ್ಟಿಗೆಯಂಥ ಸ್ವಿಚ್ಚಿನಲ್ಲಿ ಯಾವ ಕಾಲು ಯಾವುದಕ್ಕೆ ಎಂಬುದು ಒಂದೊಂದು ತಯಾರಿಕೆಯಲ್ಲಿ ಒಂದೊಂದು ರೀತಿ ಇರುತ್ತದೆ.

ಮೂರನೇ ಫ್ರೆಟ್

ಬೆಸುಗೆ ಕಡ್ಡಿ ಅವರು ಜೋಡಣೆಯ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಆದರೆ ಪ್ರಶ್ನೆ ಕೇಳಿದವರ ಕೊನೆಯ ಸಾಲಿಗೆ, ಅಂದರೆ ಹಮ್ ನಿಲ್ಲುತ್ತದೆಯೇ ಎಂಬುದಕ್ಕೆ, ಇನ್ನೂ ಯಾರೂ ಉತ್ತರಿಸಿಲ್ಲ. ನನ್ನ ಅಭಿಪ್ರಾಯದಲ್ಲಿ ಬೆಸುಗೆಗೆ ಕೂರುವ ಮೊದಲು ತೀರ್ಮಾನವಾಗಬೇಕಾದದ್ದು ಅದೇ.

ಹಮ್ ಬರುತ್ತಿರುವಾಗ ಗಿಟಾರಿನ ವಾಲ್ಯೂಮನ್ನು ಪೂರ್ತಿ ಇಳಿಸಿ. ಆಗಲೂ ಸದ್ದು ಉಳಿದರೆ ಅದು ಕೇಬಲ್, ಪೆಡಲಿನ ಅಡಾಪ್ಟರ್ ಅಥವಾ ಆಂಪ್ಲಿಫೈಯರಿನ ಕಡೆಯದು. ಅದಕ್ಕೆ ಪಿಕಪ್ ಬದಲಿಸಿ ಪ್ರಯೋಜನವಿಲ್ಲ. ಸದ್ದು ನಿಂತರೆ ಮತ್ತೆ ವಾಲ್ಯೂಮ್ ಏರಿಸಿ, ಗಿಟಾರನ್ನು ಹಿಡಿದು ನಿಂತಲ್ಲೇ ನಿಧಾನವಾಗಿ ಸುತ್ತಿ. ಯಾವುದೋ ಒಂದು ದಿಕ್ಕಿಗೆ ಮುಖ ಮಾಡಿದಾಗ ಹಮ್ ಕುಗ್ಗಿ, ಇನ್ನೊಂದು ದಿಕ್ಕಿನಲ್ಲಿ ಏರಿದರೆ ಅದು ಕಾಯಿಲ್ ಹಿಡಿಯುತ್ತಿರುವ ಕಾಂತಕ್ಷೇತ್ರದ ಸದ್ದು. ಇದನ್ನು ಹಂಬಕರ್ ನಿಜವಾಗಿಯೂ ನಿವಾರಿಸುತ್ತದೆ. ದಿಕ್ಕಿನಿಂದ ವ್ಯತ್ಯಾಸವಾಗದೆ, ತಂತಿಯನ್ನು ಮುಟ್ಟಿದ ಕೂಡಲೇ ಕಡಿಮೆಯಾಗುವ ಕರಕರ ಜುಂಯ್ ಸದ್ದಾದರೆ ಅದಕ್ಕೆ ಮದ್ದು ಬೇರೆ. ಪಿಕ್‌ಗಾರ್ಡಿನ ಕೆಳಬದಿಗೂ ಮರದ ಗುಳಿಗೂ ತಾಮ್ರದ ಹಾಳೆ ಅಂಟಿಸಿ, ಅವುಗಳನ್ನು ಒಂದಕ್ಕೊಂದು ತಾಗಿಸಿ ಗ್ರೌಂಡಿಗೆ ಸೇರಿಸಬೇಕು. ಹೇಗೂ ಪಿಕ್‌ಗಾರ್ಡ್ ಬಿಚ್ಚುತ್ತಿದ್ದೀರಾದ್ದರಿಂದ ಈ ಕೆಲಸವನ್ನೂ ಜೊತೆಗೇ ಮಾಡಿಬಿಡಬಹುದು.

ತಂತಿ ಮುಟ್ಟಿದಾಗ ಸದ್ದು ಹೆಚ್ಚಾದರೆ, ಜ್ಯಾಕಿನಲ್ಲಿ ವೈರುಗಳು ಅದಲುಬದಲಾಗಿವೆ ಅಥವಾ ಎಲ್ಲೋ ಗ್ರೌಂಡ್ ತುಂಡಾಗಿದೆ. ತಂತಿಯಲ್ಲೋ ಮೈಕಿನಲ್ಲೋ ಜುಮ್ಮೆನ್ನುವ ಅನುಭವ ಆಗಿದ್ದರೆ ಮಾತ್ರ ಗಿಟಾರಿನ ವಿಚಾರವನ್ನೇ ಬದಿಗಿಟ್ಟು ವೇದಿಕೆಯ ಅರ್ಥಿಂಗನ್ನು ಪರೀಕ್ಷಿಸಿ. ಶಾಮಿಯಾನದ ಕಾರ್ಯಕ್ರಮಗಳಲ್ಲಿ ಗಿಟಾರಿನ ಆಂಪ್ಲಿಫೈಯರಿಗೆ ಒಂದು ಕಡೆಯಿಂದ, ಮೈಕ್ ಸೆಟ್ಟಿಗೆ ಜನರೇಟರಿನಿಂದ ಕರೆಂಟ್ ಎಳೆಯುವುದು, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಜಂಕ್ಷನ್ ಬಾಕ್ಸಿಗೆ ಹೇಗೋ ತುರುಕುವುದು ನಮ್ಮಲ್ಲಿ ಮಾಮೂಲಾಗಿದೆ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಜಾಲರಿಯ ಮೇಲೆ ಇರುವಾಗ ಈ ಎರಡರ ನಡುವಿನ ವ್ಯತ್ಯಾಸ ಹಾಡುವವರ ಮೈಯ ಮೂಲಕವೇ ಹರಿಯುತ್ತದೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ, ಸರಿಯಾದ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ತೀರಿಕೊಂಡರು. ಹಮ್ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಪ್ಲಗ್ಗಿನ ಅರ್ಥ್ ಪಿನ್ನನ್ನು ಕೀಳುವವರನ್ನು ಇಂದಿಗೂ ಕಾಣುತ್ತೇವೆ. ಅದನ್ನು ಎಂದೂ ಮಾಡಬಾರದು. ಸಾಧ್ಯವಾದರೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್) ಇರುವ ಬೋರ್ಡಿನಿಂದಲೇ ಎಲ್ಲ ವಾದ್ಯಗಳಿಗೂ ಕರೆಂಟ್ ತೆಗೆದುಕೊಳ್ಳಬೇಕೆಂದು ಸೌಂಡ್ ಸಿಸ್ಟಮ್‌ನವರಿಗೆ ಹೇಳಿ.

ಇನ್ನೊಂದು ಮಾತು, ಇದು ರುಚಿಗೆ ಸಂಬಂಧಿಸಿದ್ದು. ಸಿನಿಮಾ ಹಾಡುಗಳಲ್ಲಿ ಗಿಟಾರಿನ ತಿಳಿಯಾದ ರಿದಮ್ ಬೇಕಾದಾಗ ನೀವು ಬಹುಶಃ ಸ್ವಿಚ್ಚಿನಲ್ಲಿ ಅಕ್ಕಪಕ್ಕದ ಎರಡು ಪಿಕಪ್‌ಗಳು ಒಟ್ಟಿಗೆ ನುಡಿಯುವ ಎರಡನೆಯ ಅಥವಾ ನಾಲ್ಕನೆಯ ಹಂತವನ್ನು ಬಳಸುತ್ತಿರಬಹುದು. ಫೆಂಡರ್ ಕಂಪನಿಯ ಸ್ಟ್ರ್ಯಾಟ್ 1954ರಲ್ಲಿ ಬಂದಾಗ ಅದರಲ್ಲಿ ಮೂರೇ ಹಂತದ ಸ್ವಿಚ್ ಇತ್ತು. ವಾದಕರು ಅದನ್ನು ಎರಡು ಹಂತಗಳ ನಡುವೆ ಸಿಕ್ಕಿಸಿ ಈ ನಾದವನ್ನು ಪಡೆಯುತ್ತಿದ್ದರು, ಐದು ಹಂತದ ಸ್ವಿಚ್ ಕಂಪನಿಯಿಂದಲೇ ಬಂದದ್ದು 1977ರಲ್ಲಿ. ಬ್ರಿಜ್ಜಿಗೆ ಬಲವಾದ ಹಂಬಕರ್ ಹಾಕಿದ ಮೇಲೆ ಬ್ರಿಜ್ ಮತ್ತು ಮಧ್ಯದ ಪಿಕಪ್ ಕೂಡಿದ ಎರಡನೆಯ ಹಂತ ಮೊದಲಿನಂತೆ ಉಳಿಯುವುದಿಲ್ಲ, ಆ ಗಾಜಿನಂಥ ತೆಳುವು ಹೋಗಿ ಸ್ವಲ್ಪ ಮಂಕಾಗುತ್ತದೆ. ಡಿಸ್ಟಾರ್ಷನ್ ಹಾಕಿ ನುಡಿಸುವುದು ಇಡೀ ಕಾರ್ಯಕ್ರಮದಲ್ಲಿ ನಾಲ್ಕೈದು ಹಾಡುಗಳಿಗೆ ಮಾತ್ರವಾದರೆ, ಈ ವಿನಿಮಯ ಬೇಕೇ ಎಂದು ಯೋಚಿಸಿ. ಇರುವ ಬ್ರಿಜ್ ಪಿಕಪ್ಪಿನ ಎತ್ತರ ಹೊಂದಿಸಿ, ಅದಕ್ಕೂ ಟೋನ್ ಪಾಟ್ ತಾಗುವಂತೆ ಸ್ವಿಚ್ಚಿನಲ್ಲಿ ಒಂದು ಸಣ್ಣ ವೈರ್ ಸೇರಿಸಿದರೆ ಕಿವಿಗೆ ಚುಚ್ಚುವುದು ಬಹುಮಟ್ಟಿಗೆ ತಗ್ಗುತ್ತದೆ. ಸ್ಟ್ರ್ಯಾಟಿನ ಮೂಲ ಜೋಡಣೆಯಲ್ಲಿ ಎರಡು ಟೋನ್ ಪಾಟ್‌ಗಳಿದ್ದೂ ಬ್ರಿಜ್ ಪಿಕಪ್ಪಿಗೆ ಒಂದೂ ಇಲ್ಲ. ಅಷ್ಟು ತೀಕ್ಷ್ಣವಾಗಿ ಕೇಳಿಸಲು ಅದೂ ಒಂದು ಕಾರಣ.

ಚಿಕ್ಕಪೇಟೆ ಪಾಟ್

ಪಾಟ್‌ಗಳ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಬದಲಾಯಿಸಲೇಬೇಕು ಎಂಬುದು ನಿಜವಲ್ಲ.

ಪಿಕಪ್ಪಿಗೆ ಅಡ್ಡಲಾಗಿ ಕೂತಿರುವ ಪಾಟಿನ ರೋಧ ಕಡಿಮೆಯಾದಷ್ಟೂ ಮೇಲಿನ ಸ್ವರಾಂಶಗಳು ಹೆಚ್ಚು ಸೋರಿಹೋಗುತ್ತವೆ. ಸಿಂಗಲ್ ಕಾಯಿಲ್ ಸ್ವಭಾವತಃ ಚುರುಕಾದದ್ದರಿಂದ ಅದಕ್ಕೆ 250 ಕಿಲೋಓಮ್ ಹೊಂದುತ್ತದೆ, ಹಂಬಕರ್ ತುಸು ಮಂಕಾದದ್ದರಿಂದ 500. ನಿಮ್ಮ ಗಿಟಾರಿನಲ್ಲಿ ಎರಡೂ ಬಗೆಯವು ಒಂದೇ ವಾಲ್ಯೂಮ್ ಪಾಟನ್ನು ಹಂಚಿಕೊಳ್ಳಲಿವೆ. ಅದನ್ನು 500ಕ್ಕೆ ಏರಿಸಿದರೆ ಬ್ರಿಜ್ ತೆರೆದುಕೊಳ್ಳುತ್ತದೆ, ಜೊತೆಗೆ ನಿಮಗೆ ತಕರಾರಿಲ್ಲದ ನೆಕ್ ಪಿಕಪ್ಪೂ ಚುಚ್ಚತೊಡಗುತ್ತದೆ. ಮೊದಲು 250ನ್ನೇ ಇಟ್ಟುಕೊಂಡು ಕೇಳಿ. ಬ್ರಿಜ್ ಕಿವಿಗೆ ಚುಚ್ಚುತ್ತದೆ ಎಂಬುದೇ ನಿಮ್ಮ ದೂರಾಗಿರುವಾಗ, ಸ್ವಲ್ಪ ಮಂಕಾಗುವುದು ನಿಮಗೆ ಲಾಭವೇ ಆಗಬಹುದು.

ಆಮೇಲೂ 500 ಬೇಕೆನಿಸಿದರೆ ದಾರಿಯಿದೆ. ನೆಕ್ ಮತ್ತು ಮಧ್ಯದ ಪಿಕಪ್‌ಗಳ ಹಾಟ್ ವೈರ್ ಸ್ವಿಚ್ಚಿಗೆ ತಾಗುವ ಕಾಲಿನಿಂದ ಗ್ರೌಂಡಿಗೆ ತಲಾ ಒಂದು 470 ಕಿಲೋಓಮ್ ರೆಸಿಸ್ಟರ್ ಹಾಕಿ. 500ಕ್ಕೆ 470 ಸಮಾಂತರವಾಗಿ ಸೇರಿದರೆ ಸುಮಾರು 242 ಆಗುತ್ತದೆ. ಆ ಪಿಕಪ್ ಒಂದೇ ನುಡಿಯುವಾಗ ಅದಕ್ಕೆ ಹಳೆಯ ಪಾಟೇ ಇದ್ದಂತೆ, ಬ್ರಿಜ್ ಒಂದೇ ನುಡಿಯುವಾಗ ಅದಕ್ಕೆ ಪೂರ್ತಿ 500. ರೆಸಿಸ್ಟರಿನ ಖರ್ಚು ಲೆಕ್ಕಕ್ಕೇ ಬಾರದಷ್ಟು.

ಬಿಡಿಭಾಗ ಕೊಳ್ಳುವಾಗ ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸದರ ಪತ್ರಪ್ಪ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದ ಕೂಡಲೇ ಕೈಗೆ ಬರುವ ಪಾಟ್ ಹೆಚ್ಚಾಗಿ ಲೀನಿಯರ್ ಆಗಿರುತ್ತದೆ. ಅದರ ಮೇಲೆ ಬಿ ಅಕ್ಷರ ಇರುತ್ತದೆ. ವಾಲ್ಯೂಮಿಗೆ ನಿಮಗೆ ಬೇಕಾದದ್ದು ಎ ಅಕ್ಷರದ ಆಡಿಯೊ ಬಗೆಯದು. ಕಿವಿ ಸದ್ದಿನ ಏರಿಕೆಯನ್ನು ಗ್ರಹಿಸುವ ರೀತಿಗೆ ಅದು ಹೊಂದುತ್ತದೆ. ಎರಡನೆಯದಾಗಿ, ಅಮೆರಿಕದ ಸಿಟಿಎಸ್ ಪಾಟ್‌ಗಳ ಕತ್ತಿನ ದಪ್ಪ 9.5 ಮಿಲಿಮೀಟರ್, ನಿಮ್ಮ ಪಿಕ್‌ಗಾರ್ಡಿನ ತೂತು ಅದಕ್ಕಿಂತ ಚಿಕ್ಕದಿರಬಹುದು. ಅದರ ದಂಡದ ಮೇಲಿನ ಗೀರುಗಳೂ ಸಂಖ್ಯೆಯಲ್ಲಿ ಹೆಚ್ಚು, ಹಾಗಾಗಿ ಕೈಯಲ್ಲಿ ತಿರುಗಿಸುವ ಹಳೆಯ ಗುಂಡಿಗಳು ಅದರ ಮೇಲೆ ಕೂರುವುದಿಲ್ಲ. ಒಳ್ಳೆಯ ಪಾಟ್ ತರಿಸಿಕೊಂಡು ಗುಂಡಿ ಹೊಂದದೆ ಕೂರುವುದಕ್ಕಿಂತ ಅಳತೆ ನೋಡಿಕೊಂಡು ಏಷ್ಯಾದ ಪಾಟನ್ನೇ ಕೊಳ್ಳುವುದು ಮೇಲು. ಟೋನ್ ಕೆಪ್ಯಾಸಿಟರನ್ನು ಬದಲಾಯಿಸಬೇಕಾಗಿಲ್ಲ. ಅದರ ಮೇಲೆ 223 ಎಂದಿದ್ದರೆ 0.022 ಮೈಕ್ರೋಫ್ಯಾರಡ್, 473 ಎಂದಿದ್ದರೆ 0.047, ಎರಡೂ ನಡೆಯುತ್ತವೆ.

ಮಲೆನಾಡ ಮೀಟು

ಎಲ್ಲರಿಗೂ ವಂದನೆಗಳು. ಸುತ್ತಿ ನೋಡುವ ಪರೀಕ್ಷೆಯಲ್ಲಿ ಹಮ್ ದಿಕ್ಕಿಗೆ ತಕ್ಕಂತೆ ಸ್ಪಷ್ಟವಾಗಿ ಏರಿಳಿಯಿತು, ವಾಲ್ಯೂಮ್ ಇಳಿಸಿದಾಗ ಪೂರ್ತಿ ನಿಂತಿತು. ಆದ್ದರಿಂದ ಪಿಕಪ್ ಬದಲಾಯಿಸುವುದೆಂದೇ ನಿರ್ಧರಿಸಿದೆ. ಎರಡನೆಯ ಹಂತದ ನಾದದ ಬಗ್ಗೆ ಮೂರನೇ ಫ್ರೆಟ್ ಅವರು ಹೇಳಿದ್ದು ನನಗೂ ಯೋಚನೆಗೆ ಹಚ್ಚಿತು, ಆದರೆ ರಿದಮ್ಮಿಗೆ ನಾನು ನೆಕ್ ಕಡೆಯ ನಾಲ್ಕನೆಯ ಹಂತವನ್ನೇ ಹೆಚ್ಚಾಗಿ ಬಳಸುವುದರಿಂದ ಅಷ್ಟು ನಷ್ಟವಿಲ್ಲ.

ಮೀಟರಿನಲ್ಲಿ ಕೆಂಪು–ಕಪ್ಪು ನಡುವೆ 5.8, ಹಸಿರು–ಬಿಳಿ ನಡುವೆ 5.9 ಕಿಲೋಓಮ್ ಬಂದಿತು. ಡಿಮಾರ್ಜಿಯೋ ಕ್ರಮದಲ್ಲೇ ಬೆಸೆದಿದ್ದೇನೆ, 250ರ ಪಾಟ್‌ಗಳು ಹಾಗೆಯೇ ಇವೆ. ಬ್ರಿಜ್ ಒಂದೇ ನುಡಿಯುವಾಗ ಹಮ್ ಹೆಚ್ಚುಕಡಿಮೆ ಇಲ್ಲವೆನ್ನಬಹುದು, ನಾದವೂ ತುಂಬಿಕೊಂಡಿದೆ. ಆದರೆ ಎರಡು ತೊಡಕುಗಳಿವೆ. ಜ್ಯಾಕಿನ ಬಳಿ ಅಳೆದರೆ 11.7 ಬರುವ ಬದಲು 11.2 ಕಿಲೋಓಮ್ ಬರುತ್ತಿದೆ. ಬ್ರಿಜ್ ಮತ್ತು ಮಧ್ಯದ ಪಿಕಪ್ ಕೂಡಿದ ಹಂತದಲ್ಲಿ ಸದ್ದು ತೀರಾ ಸಣ್ಣಗಾಗಿ, ಮೂಗಿನಿಂದ ಬಂದಂತೆ ಕೇಳಿಸುತ್ತದೆ. ಮಧ್ಯದ ಪಿಕಪ್ಪಿನ ಮೇಲೆ ಸ್ಕ್ರೂಡ್ರೈವರ್ ಪರೀಕ್ಷೆಯನ್ನು ನಾನು ಮಾಡಿರಲಿಲ್ಲ. ಪಿಕ್‌ಗಾರ್ಡನ್ನು ಇನ್ನೂ ಮುಚ್ಚಿಲ್ಲ.

ಬೆಸುಗೆ ಕಡ್ಡಿ

ಜ್ಯಾಕಿನ ಅಂಕಿ ಸರಿಯಾಗಿಯೇ ಇದೆ. ಅಲ್ಲಿ ಮೀಟರಿಗೆ ಪಿಕಪ್ಪಿನ ಜೊತೆಗೆ ವಾಲ್ಯೂಮ್ ಪಾಟೂ ಸಮಾಂತರವಾಗಿ ಕಾಣಿಸುತ್ತದೆ, 11.7ಕ್ಕೆ 250 ಸೇರಿದರೆ 11.2 ಆಗಲೇಬೇಕು. ಅದು ನಿಮ್ಮ ಬೆಸುಗೆ ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿ.

ಎರಡನೆಯದು ಫೇಸಿನ ತೊಡಕು, ಅಂದರೆ ಎರಡು ಪಿಕಪ್‌ಗಳ ಸಂಕೇತಗಳು ಒಂದನ್ನೊಂದು ಕಳೆಯುತ್ತಿವೆ. ಹೊಸ ಪಿಕಪ್ಪಿನ ಒಳಗಿನ ಎರಡು ಕಾಯಿಲ್‌ಗಳು ಪರಸ್ಪರ ಸರಿಯಾಗಿವೆ, ಇಲ್ಲದಿದ್ದರೆ ಅದು ಒಂಟಿಯಾಗಿ ಅಷ್ಟು ತುಂಬಿ ನುಡಿಯುತ್ತಿರಲಿಲ್ಲ. ಇಡೀ ಪಿಕಪ್ ಮಧ್ಯದ್ದಕ್ಕೆ ವಿರುದ್ಧವಾಗಿದೆ, ಅಷ್ಟೇ. ಬೇರೆ ಬೇರೆ ತಯಾರಕರ ಪಿಕಪ್‌ಗಳನ್ನು ಕೂಡಿಸಿದಾಗ ಇದು ಮೇಲಿಂದ ಮೇಲೆ ಆಗುತ್ತದೆ. ಪರಿಹಾರಕ್ಕೆ ಕೆಂಪು ಮತ್ತು ಹಸಿರನ್ನು ಅದಲುಬದಲು ಮಾಡಿ: ಹಸಿರು ಸ್ವಿಚ್ಚಿಗೆ, ಕೆಂಪು ಗ್ರೌಂಡಿಗೆ. ಕಪ್ಪು–ಬಿಳಿ ಕೊಂಡಿಯನ್ನು ಮುಟ್ಟಬೇಡಿ. ಬರಿ ವೈರ್ ಯಾವ ಕಾಯಿಲಿಗೂ ಸೇರಿದ್ದಲ್ಲ, ಅದು ಕೇಬಲಿನ ರಕ್ಷಾಕವಚ. ಹಸಿರಿನ ಜೊತೆ ಹೊಸೆದಿದ್ದೀರಿ ಎಂಬ ಕಾರಣಕ್ಕೆ ಅದನ್ನೂ ಸ್ವಿಚ್ಚಿಗೆ ಒಯ್ದರೆ ಸದ್ದೇ ನಿಂತುಹೋಗಬಹುದು ಅಥವಾ ಹಮ್ ಮರಳಿ ಬರಬಹುದು. ಅದನ್ನು ಬಿಡಿಸಿ ಗ್ರೌಂಡಿನಲ್ಲೇ ಉಳಿಸಿ.

ಇದರ ಬದಲು ಮಧ್ಯದ ಪಿಕಪ್ಪಿನ ವೈರುಗಳನ್ನು ತಿರುಗಿಸೋಣವೇ ಎಂಬ ಆಲೋಚನೆ ಬರಬಹುದು. ಹಾಗೆ ಮಾಡಿದರೆ ಅದು ನೆಕ್ ಪಿಕಪ್ಪಿಗೆ ವಿರುದ್ಧವಾಗಿ, ನೀವು ಹೆಚ್ಚಾಗಿ ಬಳಸುವ ನಾಲ್ಕನೆಯ ಹಂತವೇ ಕೆಡುತ್ತದೆ.

ಮುಚ್ಚುವ ಮೊದಲು ಕೇಬಲ್ ಚುಚ್ಚಿ, ಆಂಪ್ಲಿಫೈಯರನ್ನು ಸಣ್ಣಗಿಟ್ಟು, ಐದೂ ಹಂತಗಳಲ್ಲಿ ಪಿಕಪ್‌ಗಳನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿ ಯಾವುದು ಸದ್ದು ಕೊಡುತ್ತಿದೆ ಎಂದು ನೋಡಿ. ತಂತಿ ಹಾಕಿದ ಮೇಲೆ ಕೊನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿಹಿಡಿದು ಎತ್ತರ ಹೊಂದಿಸಿ. ಹೊಸ ಪಿಕಪ್ಪನ್ನು ದಪ್ಪ ತಂತಿಯ ಕಡೆ ಸುಮಾರು 3, ಸಣ್ಣ ತಂತಿಯ ಕಡೆ ಸುಮಾರು 2.5 ಮಿಲಿಮೀಟರ್ ದೂರದಲ್ಲಿಟ್ಟು ಆರಂಭಿಸಬಹುದು. ಅದು ಉಳಿದೆರಡಕ್ಕಿಂತ ಜೋರಾಗಿ ಕೇಳಿಸಿದರೆ ಅದನ್ನೇ ಇಳಿಸಿ. ಅದಕ್ಕೆ ಸರಿಗಟ್ಟಲೆಂದು ನೆಕ್ ಪಿಕಪ್ಪನ್ನು ಏರಿಸಿದರೆ ಅದರ ಅಯಸ್ಕಾಂತ ದಪ್ಪ ತಂತಿಗಳನ್ನು ಎಳೆದು, ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಅಲುಗಾಡಿದಂತೆ ಕೇಳಿಸುತ್ತದೆ.

ಮುಂದೆ ಎಂದಾದರೂ ಪುಶ್‌ಪುಲ್ ಪಾಟ್ (ಗುಂಡಿಯನ್ನು ಎಳೆದರೆ ಸ್ವಿಚ್ಚಾಗಿಯೂ ಕೆಲಸ ಮಾಡುವ ಪಾಟ್) ಹಾಕಿ ಒಂದೇ ಕಾಯಿಲ್ ನುಡಿಸುವ ಮನಸ್ಸಾದರೆ, ಕಪ್ಪು–ಬಿಳಿ ಕೊಂಡಿಯನ್ನು ಆ ಸ್ವಿಚ್ಚಿನ ಮೂಲಕ ಗ್ರೌಂಡಿಗೆ ಒಯ್ಯಬೇಕು. ಅದಲುಬದಲಾದ ಜೋಡಣೆಯಲ್ಲಿ ಆಗ ಉಳಿದು ನುಡಿಯುವುದು ಹಸಿರು–ಬಿಳಿ ಕಾಯಿಲ್, ಕೆಂಪು–ಕಪ್ಪಿನದಲ್ಲ. ಮಧ್ಯದ ಪಿಕಪ್ಪಿನ ಜೊತೆ ಅದು ಹಮ್ ಕಳೆಯದಿದ್ದರೆ, ಕೊಂಡಿಯನ್ನು ಗ್ರೌಂಡಿನ ಬದಲು ಹಾಟ್ ಕಡೆಗೆ ಸೇರಿಸಿ ಇನ್ನೊಂದು ಕಾಯಿಲನ್ನು ಉಳಿಸಿಕೊಳ್ಳಿ.